ಉದ್ಧರಣ ಚಿಹ್ನೆಯಿಲ್ಲದ ಎರಡು ಪುಟ

ಅತಿಥಿ ಉಪನ್ಯಾಸಕರಿಗೆ ಬೀಳ್ಕೊಡುಗೆ ಇರುವುದಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ, ಸೇವೆಯನ್ನು ಕೊಂಡಾಡುವ ಭಾಷಣ ಇವೆಲ್ಲ ಕಾಯಂ ಆದವರಿಗೆ. ಅತಿಥಿಯ ಹೆಸರು ಒಂದು ವರ್ಷ ಪಟ್ಟಿಯಲ್ಲಿರುತ್ತದೆ, ಮರುವರ್ಷ ಇರುವುದಿಲ್ಲ, ಅಷ್ಟೇ. ಈ ಸಲ ಕುರುಗೋಡಿನ ನಮ್ಮ ಕಾಲೇಜಿನ ಪಟ್ಟಿಯಲ್ಲಿ ಮೇಡಂ ಅವರ ಹೆಸರಿರಲಿಲ್ಲ. ವಯಸ್ಸು ಅರವತ್ತು ದಾಟಿತು ಎಂದರು ಪ್ರಿನ್ಸಿಪಾಲರು. ಸ್ಟಾಫ್ ರೂಮಿನಲ್ಲಿ ಯಾರೋ "ಹೌದಾ?" ಎಂದರು. ಇನ್ಯಾರೋ ಎದ್ದು ಫ್ಯಾನು ಜೋರು ಮಾಡಿದರು. ನಾನು ಮಾತ್ರ ಆ ದಿನವೆಲ್ಲ ವರಾಂಡದಲ್ಲಿ ಸುಮ್ಮನೆ ಅಡ್ಡಾಡಿದೆ.

ಅಡ್ಡಾಡುವುದು ಅವರ ಸ್ವಭಾವ. ಅವರು ಕುಳಿತು ಪಾಠ ಮಾಡಿದ್ದನ್ನು ನಾನು ನೋಡಿಲ್ಲ. ಕುರ್ಚಿಯನ್ನು ಗೋಡೆಗೆ ತಳ್ಳಿ, ತಮ್ಮ ಬ್ಯಾಗನ್ನು ಅದರ ಮೇಲೆ ಕೂರಿಸಿ, ತಾವು ಬೆಂಚುಗಳ ನಡುವೆ ಹೋಗುತ್ತಾ ಬರುತ್ತಾ ಇರುವರು. ತಲೆಯ ಮೇಲಿನ ದುಪಟ್ಟಾ ಜಾರುವುದು, ಚಾಕ್‌ಪೀಸು ಹಿಡಿದ ಕೈಯಲ್ಲೇ ಅದನ್ನು ಮೇಲೆಳೆದುಕೊಳ್ಳುವರು. ಸಂಜೆ ಹೊತ್ತಿಗೆ ದುಪಟ್ಟಾದ ಅಂಚೆಲ್ಲ ಬೆಳ್ಳಗಾಗಿರುತ್ತಿತ್ತು. ಸಿರುಗುಪ್ಪದವರು. ತಂದೆ ಅಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಿದ್ದರಂತೆ. ಮನೆಯಲ್ಲಿ ಉರ್ದು, ಅಂಗಡಿಗೆ ಬರುವ, ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರ ಜೊತೆ ತೆಲುಗು, ಶಾಲೆಯಲ್ಲಿ ಕನ್ನಡ. ಹೀಗೆ ಮೂರರಲ್ಲಿ ಬೆಳೆದವರು, ಸಿಟ್ಟು ಬಂದಾಗ ಮೂರನ್ನೂ ಒಟ್ಟಿಗೇ ಆಡುವರು. ಮದುವೆಯಾಗಲಿಲ್ಲ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ತಮ್ಮ ಆಪಾನ ಜೊತೆ, ಎಂದರೆ ಅಕ್ಕನ ಜೊತೆ, ಬಾಡಿಗೆ ಮನೆಯಲ್ಲಿದ್ದರು. ಕೆಲವು ದಿನ ಬೆಳಿಗ್ಗೆ ಸಿರುಗುಪ್ಪದ ಕಾಲೇಜು, ಕೆಲವು ದಿನ ಕುರುಗೋಡಿನದು. ಮಧ್ಯಾಹ್ನ ಬಳ್ಳಾರಿಗೆ ಬಂದು ನಮಗೆ ಎಂ.ಎ. ಸಮಾಜಶಾಸ್ತ್ರ. ಎಲ್ಲ ಕಡೆಯೂ ಅತಿಥಿಯೇ.

ನಮ್ಮ ಅಸೈನ್‌ಮೆಂಟುಗಳನ್ನು ಅವರು ತಿದ್ದುತ್ತಿದ್ದದ್ದು ಬಸ್ಸಿನಲ್ಲಿ. ಸೀಟು ಸಿಗದಿದ್ದರೆ ಕಂಬಕ್ಕೆ ಬೆನ್ನು ಕೊಟ್ಟು ನಿಂತೇ ತಿದ್ದುವರು. ಬಸ್ಸು ಗುಂಡಿಗೆ ಇಳಿದಾಗ ಕೆಂಪು ಪೆನ್ನು ಹಾಳೆಯ ಈ ತುದಿಯಿಂದ ಆ ತುದಿಗೆ ಜಾರುತ್ತಿತ್ತು. "ಈ ಗೀಟು ಮೇಡಂ ಹಾಕಿದ್ದೋ, ರೋಡು ಹಾಕಿದ್ದೋ?" ಎಂದು ನಾವು ನಗುತ್ತಿದ್ದೆವು. ಆದರೆ ಅಂಚಿನಲ್ಲಿರುತ್ತಿದ್ದ ಒಂದು ಪ್ರಶ್ನೆ ಮಾತ್ರ ಖಂಡಿತ ಅವರದೇ. "ಎಲ್ಲಿಂದ ಬಂತಿದು?" ಒಂದೇ ಹಾಳೆಯಲ್ಲಿ ಅದು ನಾಲ್ಕಾರು ಕಡೆ ಇರುತ್ತಿತ್ತು. ಹಿಂದಿನ ಬೆಂಚಿನ ಹುಡುಗರು ಅವರಿಗೆ "ಎಲ್ಲಿಂದ ಮೇಡಂ" ಎಂದೇ ಹೆಸರಿಟ್ಟಿದ್ದರು. ಅದು ಅವರಿಗೂ ಗೊತ್ತಿತ್ತು.

ಅವರ ಮೊದಲ ತರಗತಿ ನೆನಪಿದೆ. ನಾವು ಹಿಂದಿನ ವಾರ ಬರೆದುಕೊಟ್ಟ ಹಾಳೆಗಳನ್ನು ಹಿಡಿದು ಬಂದರು. ಒಂದನ್ನು ಎತ್ತಿ ಜೋರಾಗಿ ಓದಿದರು. "ಕಾಲುವೆಯ ಜಲವು ಅನ್ನದಾತರ ಜೀವನದಲ್ಲಿ ಮಹತ್ತರ ಪರಿವರ್ತನೆಯನ್ನು ಉಂಟುಮಾಡಿತು." ಆಮೇಲೆ ಬ್ಯಾಗಿನಿಂದ ಒಂದು ಪಠ್ಯಪುಸ್ತಕ ತೆಗೆದು ಅದನ್ನೂ ಓದಿದರು. "ಕಾಲುವೆಯ ನೀರು ರೈತರ ಬದುಕಿನಲ್ಲಿ ದೊಡ್ಡ ಬದಲಾವಣೆಯನ್ನು ಉಂಟುಮಾಡಿತು."

"ಇದು ಯಾರ್ದಲೇ?"

ಒಬ್ಬ ಹುಡುಗ ಅರ್ಧ ಎದ್ದು ನಿಂತ.

"ನಿಮ್ಮನ್ಯಾಗ ನೀರು ಕುಡೀತೀರೋ, ಜಲ ಕುಡೀತೀರೋ?"

"ನೀರು ರೀ ಮೇಡಂ."

"ಮತ್ತ ಇಲ್ಲಿ ಯಾಕ ಜಲ ಬಂತು? ಇವರ ಅಂಗಿ ಹಾಕ್ಕೊಂಡು ಗುಂಡಿ ಅಷ್ಟ ಬದಲ್ ಮಾಡೀದಿ. ಗುಂಡಿ ಬದಲ್ ಮಾಡಿದ್ರ ಅಂಗಿ ನಿಂದಾಗತೈತೇನು?"

ಆವತ್ತು ನಮ್ಮನ್ನೆಲ್ಲ ಹೊರಗೆ ಕರೆದುಕೊಂಡು ಹೋದರು. ಒಂದು ಪ್ಯಾರಾ ಓದಿಸಿ, ಪುಸ್ತಕ ಕಸಿದುಕೊಂಡು, ಆವರಣದ ಬೇವಿನ ಮರವನ್ನು ಒಂದು ಸುತ್ತು ಹಾಕಿ ಬಂದು ಬರೆಯಿರಿ ಎಂದರು. ಬಿಸಿಲಲ್ಲಿ ಎಂ.ಎ. ಹುಡುಗ ಹುಡುಗಿಯರು ಮರ ಸುತ್ತುವುದನ್ನು ನೋಡಿ ಪಕ್ಕದ ವಿಭಾಗದವರು ಕಿಟಕಿಗೆ ಬಂದು ನಿಂತರು.

"ಮರ ಸುತ್ತಿ ಬರೋದ್ರಾಗ ತಲಿಯೊಳಗ ಎಷ್ಟು ಉಳಿದೈತೋ ಅಷ್ಟು ಬರೀರಿ. ಅದು ನಿಮ್ಮ ಮಾತು. ಆದ್ರ ಬರದ ಮ್ಯಾಲ ಕೊನಿಗೆ ಅವರ ಹೆಸರು, ವರ್ಷ, ಪುಟ ಹಾಕ್ರಿ. ಯಾಕ? ಮಾತು ನಿಂದಾದ್ರೂ ವಿಚಾರ ಅವರ್ದು. ಅವರ ಮಾತನ್ನ ಇದ್ದಂಗ ಇಡಬೇಕು ಅನಿಸಿದ್ರ ಉದ್ಧರಣ ಚಿಹ್ನೆಯೊಳಗ ಇಡ್ರಿ. ಎರಡರಾಗ ಒಂದು. ನಡುವಿಂದು ಬ್ಯಾಡ."

ನಡುವಿನದು ಎಂದರೆ ಅರ್ಧ ಅವರದು ಅರ್ಧ ನಮ್ಮದು ಮಾಡಿ, ಹೆಸರು ನುಂಗಿಬಿಡುವುದು. ನಮಗೆಲ್ಲ ಗೊತ್ತಿದ್ದದ್ದು ಅದೊಂದೇ.

ಒಳ್ಳೆಯವರು ಎಂದಷ್ಟೇ ಹೇಳಿದರೆ ಸುಳ್ಳಾಗುತ್ತದೆ. ಅವರಿಗೆ ತಾಳ್ಮೆ ಇರಲಿಲ್ಲ. ಪುಟಸಂಖ್ಯೆ ಹಾಕದ ಒಬ್ಬ ಹುಡುಗಿಗೆ ಇಡೀ ತರಗತಿಯ ಮುಂದೆ, "ನಿನ್ನ ನೆಂಟರ ಮನಿ ಎಲ್ಲೈತಿ ಅಂತ ಕೇಳಿದ್ರ ಬಳ್ಳಾರ್ಯಾಗ ಐತಿ ಅಂತೀಯೇನು? ಓಣಿ ಹೇಳಂಗಿಲ್ಲೇನು?" ಎಂದು ಬೈದರು. ಆಕೆ ಅತ್ತಳು. ಮೇಡಂ ಅದನ್ನು ನೋಡಿ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು. ಮರುದಿನ ಆಕೆಯ ಬೆಂಚಿನ ಮೇಲೆ ಆ ಪುಸ್ತಕವನ್ನೇ ತಂದಿಟ್ಟು, ಬೇಕಾದ ಪುಟಕ್ಕೆ ಬಸ್ ಟಿಕೆಟ್ ಸಿಕ್ಕಿಸಿದ್ದರು. ಕ್ಷಮೆ ಕೇಳಲಿಲ್ಲ.

ಎರಡನೆಯ ವರ್ಷ ನಾನು ಪ್ರಬಂಧಕ್ಕೆ ಸಿರಿಗೇರಿ ಕಡೆಯ ಕಾಲುವೆ ನೀರಿನ ಸರದಿಯನ್ನು ವಿಷಯವಾಗಿ ತೆಗೆದುಕೊಂಡೆ. ಮೇಡಂ ಅವರೇ ಮಾರ್ಗದರ್ಶಕರು. ಅವರ ಪಿಎಚ್.ಡಿ. ಕೂಡ ಕಾಲುವೆ ಬಂದ ಮೇಲೆ ಸಿರುಗುಪ್ಪ ತಾಲ್ಲೂಕಿನ ಊರುಗಳು ಬದಲಾದದ್ದರ ಬಗ್ಗೆ. ಅದರ ಒಂದು ಪ್ರತಿ ವಿಭಾಗದ ಬೀರುವಿನಲ್ಲಿತ್ತು. ಅದನ್ನು ಓದುತ್ತಾ ಹೋದಾಗ ಒಂದು ವಾಕ್ಯ ನನ್ನನ್ನು ಹಿಡಿದು ನಿಲ್ಲಿಸಿತು. "ಕಾಲುವೆ ಬರುವ ಮೊದಲು ನಮ್ಮೂರಿನವರು ಮುಗಿಲು ನೋಡುತ್ತಿದ್ದರು, ಬಂದ ಮೇಲೆ ಮೇಲಿನ ಹೊಲದವನ ಮುಖ ನೋಡತೊಡಗಿದರು." ನಾನು ಇಡೀ ಪ್ರಬಂಧದಲ್ಲಿ ಹೇಳಲು ಒದ್ದಾಡುತ್ತಿದ್ದದ್ದು ಅದೊಂದು ಸಾಲಿನಲ್ಲಿತ್ತು. ಕಾಲುವೆಯ ಕೊನೆಯಲ್ಲಿ ಹೊಲ ಇರುವವರಿಗೆ ಅದರ ಅರ್ಥ ಗೊತ್ತು. ಮೇಲಿನವನು ನೀರು ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಮೇಡಂ ಹೆಸರು, ವರ್ಷ, ಪುಟ ಹಾಕಿ ಅದನ್ನು ಉದ್ಧರಿಸಿದೆ. ಖುಷಿಯಾಯಿತು.

ಮೇಡಂ ಪ್ರಬಂಧದ ಅದೇ ಅಧ್ಯಾಯದಲ್ಲಿ ದೇಶನೂರು ಎಂಬ ಊರಿನ ಬಗ್ಗೆ ಹಳೆಯ ಎಂ.ಫಿಲ್. ಪ್ರಬಂಧವೊಂದರಿಂದ ತೆಗೆದುಕೊಂಡ ವಿವರವಿತ್ತು. ಅಡಿಟಿಪ್ಪಣಿಯಲ್ಲಿ ಹೆಸರಿತ್ತು. ಮೇಡಂ ಯಾವಾಗಲೂ ಹೇಳುತ್ತಿದ್ದರು, "ಅವರು ಇವರನ್ನ ಉದ್ಧರಿಸ್ಯಾರ ಅಂತ ಬರೀಬ್ಯಾಡ್ರಿ, ಮೂಲಕ್ಕ ಹೋಗ್ರಿ." ಹೋದೆ. ಆ ಎಂ.ಫಿಲ್. ಪ್ರಬಂಧವೂ ಅದೇ ಬೀರುವಿನ ಕೆಳಗಿನ ಅರೆಯಲ್ಲಿತ್ತು. ಬರೆದವರು ದೇಶನೂರಿನವರೇ. ವಿವರ ಹುಡುಕುತ್ತಾ ಹಾಳೆ ತಿರುವಿದಾಗ ಆ ವಾಕ್ಯ ಅಲ್ಲಿತ್ತು. ಮುಗಿಲು, ಮೇಲಿನ ಹೊಲದವನ ಮುಖ, ನಡುವಿನ ಅಲ್ಪವಿರಾಮ, ಎಲ್ಲ. ಅದರ ಹಿಂದೆ ಮುಂದೆ ಹೆಚ್ಚುಕಡಿಮೆ ಎರಡು ಪುಟ ಹಾಗೆಯೇ. ಅಲ್ಲೊಂದು ಇಲ್ಲೊಂದು ಪದ ಬೇರೆ. ಮೇಡಂ ಪ್ರಬಂಧದಲ್ಲಿ ಆ ಭಾಗಕ್ಕೆ ಉದ್ಧರಣ ಚಿಹ್ನೆ ಇರಲಿಲ್ಲ, ಅಡಿಟಿಪ್ಪಣಿ ಇರಲಿಲ್ಲ. ಆಗ ನನಗೆ ಹೊಳೆಯಿತು. "ನಮ್ಮೂರಿನವರು" ಎನ್ನಲು ದೇಶನೂರು ಮೇಡಂ ಅವರ ಊರೇ ಅಲ್ಲ.

ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಫೋನಿನಲ್ಲಿ ಫೋಟೋ ತೆಗೆದೆ. ಅಳಿಸಿದೆ. ಮತ್ತೆ ತೆಗೆದೆ. ಹೇಳದೆ ಬಿಟ್ಟರೆ ನನ್ನ ಪ್ರಬಂಧದಲ್ಲಿ ಆ ವಾಕ್ಯದ ಮುಂದೆ ಯಾರ ಹೆಸರು ಹಾಕಲಿ? ಮೇಡಂ ಹೆಸರು ಹಾಕಿದರೆ ಸುಳ್ಳು. ಮೂಲದವರ ಹೆಸರು ಹಾಕಿದರೆ ಮೇಡಂ ಓದಿದೊಡನೆ ಗೊತ್ತಾಗುತ್ತದೆ. ವಾಕ್ಯವನ್ನೇ ಬಿಟ್ಟುಬಿಡೋಣವೆಂದರೆ ಅದು ಬಿಡುತ್ತಿರಲಿಲ್ಲ. ಅದರ ಮೇಲೆ ಇನ್ನೊಂದು ಸಂಕಟ. ಬಹಳ ವರ್ಷಗಳ ಮೇಲೆ ಸರ್ಕಾರ ಕಾಯಂ ಹುದ್ದೆಗಳಿಗೆ ಅರ್ಜಿ ಕರೆದಿತ್ತು. ಮೇಡಂ ಅವರ ವಯಸ್ಸಿಗೆ ಅದೇ ಕೊನೆಯ ಅವಕಾಶ. ಸಂದರ್ಶನ ಹತ್ತಿರದಲ್ಲಿತ್ತು.

ಕೊನೆಗೆ ಹೇಳಿದ್ದು ಬಸ್ಸಿನಲ್ಲಿ. ಕುರುಗೋಡಿನಲ್ಲಿ ಬೆಳಗಿನ ತರಗತಿ ಮುಗಿಸಿ ಅವರು ಬಳ್ಳಾರಿಗೆ ಹೊರಡುವಾಗ, ಅದೇ ಊರಿನವಳಾದ ನಾನೂ ಅದೇ ಬಸ್ಸು ಹತ್ತುತ್ತಿದ್ದೆ. ಆವತ್ತು ಇಬ್ಬರಿಗೂ ಸೀಟು ಸಿಕ್ಕಿತ್ತು. ಅವರು ಆಗಲೇ ಅಸೈನ್‌ಮೆಂಟ್ ಕಟ್ಟು ಬಿಚ್ಚಿದ್ದರು.

"ಮೇಡಂ, ಒಂದು ಮೂಲ ನೋಡಿದೆ ರೀ," ಎಂದೆ.

"ಮೂಲಕ್ಕ ಹೋಗಿದ್ದಿ? ಭೇಷ್. ತೋರ್ಸು."

ಫೋನು ಕೊಟ್ಟೆ. ಮೊದಲ ಫೋಟೋ ನೋಡಿದರು, ಎರಡನೆಯದು ನೋಡಿದರು, ಮತ್ತೆ ಮೊದಲನೆಯದಕ್ಕೆ ಹೋದರು. ಬೆರಳಿಂದ ಅಕ್ಷರ ದೊಡ್ಡದು ಮಾಡಿದರು. "ಯಾ ಅಲ್ಲಾ," ಎಂದರು, ಬಹಳ ಮೆಲ್ಲಗೆ. ಫೋನನ್ನು ನನ್ನ ಕೈಗಿಟ್ಟು ತಟ್ಟನೆ ಎದ್ದು, "ಕಂಡಕ್ಟರ್, ಇಲ್ಲೇ ಇಳಿಸ್ರಿ," ಎಂದರು.

"ಇಲ್ಲಿ ಸ್ಟಾಪ್ ಇಲ್ಲ ರೀ ಅಕ್ಕ."

"ಇಳಿಸ್ರಿ ಅಂದೆ."

ನಡುದಾರಿಯ ಒಂದು ಕ್ರಾಸಿನಲ್ಲಿ ಇಳಿದುಬಿಟ್ಟರು. ನೆರಳಿಗೆ ಒಂದು ಮರವೂ ಇರಲಿಲ್ಲ. ಅಸೈನ್‌ಮೆಂಟಿನ ಕಟ್ಟು ಸೀಟಿನ ಮೇಲೇ ಉಳಿಯಿತು. ನಾನು ಅದನ್ನು ಎದೆಗವಚಿಕೊಂಡು ಬಳ್ಳಾರಿಯ ತನಕ ಬಂದೆ. ಆ ಮಧ್ಯಾಹ್ನ ಅವರು ತರಗತಿಗೆ ಬರಲಿಲ್ಲ. ಅವರು ತರಗತಿ ತಪ್ಪಿಸಿದ್ದು ನನಗೆ ತಿಳಿದ ಮಟ್ಟಿಗೆ ಅದೇ ಮೊದಲು.

ಎರಡು ದಿನ ಬಿಟ್ಟು ವಿಭಾಗದ ಮುಖ್ಯಸ್ಥರು ನನ್ನನ್ನು ಕೋಣೆಗೆ ಕರೆದರು. ಮೇಡಂ ಅಲ್ಲಿ ಕಿಟಕಿಯ ಹತ್ತಿರ ನಿಂತಿದ್ದರು. ತಪ್ಪು ಒಪ್ಪಿಕೊಂಡು, ತಮಗೆ ಪಿಎಚ್.ಡಿ. ಕೊಟ್ಟ ವಿಶ್ವವಿದ್ಯಾಲಯಕ್ಕೆ ಬರೆದ ಪತ್ರದ ಒಂದು ಪ್ರತಿಯನ್ನು ಇವರಿಗೂ ಕೊಟ್ಟಿದ್ದರು. ಮುಖ್ಯಸ್ಥರು ಕೆಟ್ಟವರಲ್ಲ. ಮೇಡಂ ಬಗ್ಗೆ ಅವರಿಗೆ ಕಳಕಳಿ ಇತ್ತು, ತೊಂದರೆ ಆದದ್ದೇ ಅದರಿಂದ.

"ಏನವ್ವಾ, ಇದನ್ನ ಬ್ಯಾರೆ ಯಾರಿಗಾರ ತೋರಿಸೀಯೇನು?" ಎಂದು ನನ್ನನ್ನು ಕೇಳಿದರು.

"ಇಲ್ಲ ರೀ ಸರ್."

"ನೋಡ್ರಿ ಮೇಡಂ. ಯಾರೂ ನೋಡಿಲ್ಲ. ಇಂಟರ್‌ವ್ಯೂ ಮುಗೀಲಿ, ಆರ್ಡರ್ ಕೈಗೆ ಬರಲಿ. ಆಮ್ಯಾಲ ಬೇಕಾದ್ರ ತಿದ್ದುಪಡಿ ಕಳಸ್ರಿ. ಆಕರಗಳ ಯಾದಿಯೊಳಗ ಅವನ ಹೆಸರು ಐತಲ್ಲ, ನೀವೇನು ಮುಚ್ಚಿಟ್ಟಿಲ್ಲ."

"ಯಾದಿಯೊಳಗ ಐತಿ ಸರ್. ವಾಕ್ಯದ ಬಾಜುಕ ಇಲ್ಲ."

"ನೀವು ಬೇಕಂತ ಮಾಡಿಲ್ಲಲ್ಲ?"

"ಹುಡುಗ್ರು ಬೇಕಂತ ಮಾಡಿಲ್ಲ ರೀ ಅಂದಾಗ ನಾ ಯಾರನ್ನಾರ ಬಿಟ್ಟೀನೇನು ಸರ್?"

ಮುಖ್ಯಸ್ಥರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಿಮ್ಮ ವಯಸ್ಸು ನೋಡ್ಕೊಳ್ರಿ," ಎಂದರು. ಪತ್ರವನ್ನು ಅಂದು ಬೆಳಿಗ್ಗೆಯೇ ಅಂಚೆಗೆ ಹಾಕಿಯಾಗಿತ್ತು.

ಆ ಭಾನುವಾರ ನನಗೆ ಫೋನು ಮಾಡಿ, "ಸಿರುಗುಪ್ಪಕ್ಕ ಬರ್ತೀಯೇನವ್ವಾ?" ಎಂದರು. ಎಂ.ಫಿಲ್. ಬರೆದವರನ್ನು ಅವರು ಆಗಲೇ ಪತ್ತೆ ಹಚ್ಚಿದ್ದರು. ಸಂಶೋಧನೆ ಬಿಟ್ಟು ಬಹಳ ಕಾಲವಾಗಿತ್ತು. ಸಿರುಗುಪ್ಪದಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದರು. ನಲವತ್ತರ ಮೇಲಿನ ಮನುಷ್ಯ, ಗಲ್ಲದ ಮೇಲೆ ಎರಡು ದಿನದ ಗಡ್ಡ. ಅಂಗಡಿಯೊಳಗೆ ಯೂರಿಯಾ ಚೀಲಗಳು, ಗಂಟಲು ಹಿಡಿಯುವ ಕ್ರಿಮಿನಾಶಕದ ವಾಸನೆ. ನಮಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದರು. ನಾನು ಕೂತೆ. ಮೇಡಂ ನಿಂತೇ ಇದ್ದರು. ಪೀಠಿಕೆ ಹಾಕದೆ ಎರಡೂ ಪುಟಗಳ ಜೆರಾಕ್ಸ್ ಕೌಂಟರಿನ ಮೇಲಿಟ್ಟು, "ಇದು ನಿಮ್ದು. ಇದು ನನ್ನ ಥೀಸಿಸ್. ನಿಮ್ಮ ಹೆಸರು ಹಾಕಿಲ್ಲ. ತಪ್ಪು ನಂದು," ಎಂದರು.

ಅಂಗಡಿಯವರು ಓದಿದರು. ತುಟಿ ಅಲುಗಾಡಿಸುತ್ತಾ, ನಿಧಾನವಾಗಿ. ಆ ವಾಕ್ಯ ಬಂದಾಗ ದನಿ ಹೊರಗೆ ಬಂತು. ಚೀಲಕ್ಕೆ ಕಾಯುತ್ತಿದ್ದ ಒಬ್ಬ ರೈತ ಕೇಳಿಸಿಕೊಂಡು, "ಖರೇ ಐತಿ ನೋಡ್ರಿ, ನಮ್ಮ ಮ್ಯಾಲಿನ ಹೊಲದಾಂವನ ಮಾರಿ ನೋಡಿದ್ರ ಊಟ ಸೇರಂಗಿಲ್ಲ," ಎಂದು ನಕ್ಕ.

ಅಂಗಡಿಯವರು ನಗಲಿಲ್ಲ. "ಮರತಿದ್ದೆ ಮೇಡಂ. ನಾನು ಇಂಥಾ ವಾಕ್ಯ ಬರೀತಿದ್ದೆ ಅನ್ನೋದ ಮರತಿದ್ದೆ," ಎಂದರು. ಆಮೇಲೆ ದನಿ ಬದಲಾಯಿತು. "ನೀವು ಡಾಕ್ಟರ್ ಆದ್ರಿ."

"ಹೌದು."

"ನಾ ಯೂರಿಯಾ ಮಾರಾಕತ್ತೀನಿ."

"ಹೌದು."

"ಈ ಎರಡು ಪುಟದಿಂದ ನಿಮಗ ಡಿಗ್ರಿ ಬಂತು ಅಂತ ನಾ ಅನ್ನಂಗಿಲ್ಲ. ಇವು ಇಲ್ಲದಿದ್ರೂ ಬರ್ತಿತ್ತು. ಆದ್ರ ಈ ಸಾಲು ಓದಿ ಯಾರಾರ ಒಬ್ರು ಚಲೋ ಐತಿ ಅಂದಿದ್ರ, ಆ ಮಾತು ನನಗ ಬರಬೇಕಿತ್ತೋ ಇಲ್ಲೋ?"

ಮೇಡಂ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು. ಸುಮ್ಮನಿದ್ದರೆ ಸಾಕಿತ್ತು. ಅವರಿಗೆ ಸುಮ್ಮನಿರಲು ಬರುತ್ತಿರಲಿಲ್ಲ.

"ಒಬ್ರು ಅಂದಾರ," ಎಂದರು. "ನನ್ನ ವೈವಾದಾಗ. ಹೊರಗಿನಿಂದ ಬಂದ ಪರೀಕ್ಷಕರು ಇದೇ ಸಾಲು ಓದಿದ್ರು. ಹೊಗಳಿದ್ರು. ನಾ ಥ್ಯಾಂಕ್ಸ್ ಅಂದೆ."

ಇದು ನನಗೂ ಗೊತ್ತಿರಲಿಲ್ಲ. ಅಂಗಡಿಯವರು ಕೌಂಟರಿನ ಮೇಲೆ ಎರಡೂ ಕೈ ಊರಿ, "ಏನಂದ್ರು ಅವರು? ಇದ್ದಂಗ ಹೇಳ್ರಿ," ಎಂದರು.

"ಇಡೀ ಥೀಸಿಸ್‌ನ್ಯಾಗ ಈ ಒಂದು ವಾಕ್ಯ ಊರಿನ ಒಳಗ ಕುಂತು ಬರದಂಗ ಐತಿ, ಅಂದ್ರು."

"ಇನ್ನೊಮ್ಮೆ ಹೇಳ್ರಿ."

ಮೇಡಂ ಇನ್ನೊಮ್ಮೆ ಹೇಳಿದರು. ಒಂದು ಪದವೂ ಹೆಚ್ಚುಕಡಿಮೆ ಆಗದಂತೆ. ಆ ಮನುಷ್ಯ ಮುಖ ತಿರುಗಿಸಿ ಹಿಂದಿನ ಚೀಲಗಳನ್ನು ನೋಡಿದರು. ಆಮೇಲೆ, "ಚಾ ಹೇಳ್ತೀನಿ, ಕುಂದರ್ರಿ," ಎಂದರು. ಸಿಟ್ಟು ಇಳಿದಿತ್ತು ಎಂದು ನಾನು ಹೇಳಲಾರೆ. ಚಹಾ ಕುಡಿಯುವಾಗ ಅವರು ಮೇಡಂ ಕಡೆ ಒಮ್ಮೆಯೂ ನೋಡಲಿಲ್ಲ. ಹೊರಡುವಾಗ ಮಾತ್ರ, "ತಿದ್ದಿದ ಪುಟ ನನಗೊಂದು ಕಳಸ್ರಿ," ಎಂದರು.

ಬರುವಾಗ ಬಸ್ಸಿನಲ್ಲಿ ಮೇಡಂ ತಾವಾಗಿಯೇ ಹೇಳಿದರು. ಪಿಎಚ್.ಡಿ. ಮಾಡುವಾಗಲೂ ಹೀಗೆಯೇ ಊರೂರು ತಿರುಗುತ್ತಿದ್ದರಂತೆ. ಎರಡು ಬಸ್ಸಿನ ನಡುವೆ ಸಿಕ್ಕ ಹೊತ್ತಿನಲ್ಲಿ ಗ್ರಂಥಾಲಯದಲ್ಲಿ ನಿಂತು ನೋಟ್ಸ್ ಬರೆದುಕೊಳ್ಳುವುದು. ಚಿಹ್ನೆ, ಪುಟಸಂಖ್ಯೆ ಆಮೇಲೆ ಹಾಕಿಕೊಂಡರಾಯಿತು ಎಂದು ಬಿಡುವುದು. ಮುಂದೊಂದು ದಿನ ಹಾಳೆ ಬಿಚ್ಚಿದಾಗ ಯಾವುದು ಯಾರದೆಂದು ತಿಳಿಯಲಿಲ್ಲ. "ನನ್ನ ಕೈಬರಹ ನೋಡಿ ನನ್ನ ಮಾತು ಅಂದ್ಕೊಂಡೆ," ಎಂದರು.

ಸ್ವಲ್ಪ ದೂರ ಹೋದ ಮೇಲೆ ನಾನು ಕೇಳಿದೆ. "ಆವತ್ತು ನನ್ನ ಮ್ಯಾಲ ಸಿಟ್ಟು ಬಂದಿತ್ತೇನ್ರಿ ಮೇಡಂ?"

"ಬಂದಿತ್ತು. ಅದಕ್ಕ ಇಳಿದೆ. ಇನ್ನೊಂದು ಸ್ಟಾಪ್ ನಿನ್ನ ಬಾಜುಕ ಕುಂತಿದ್ರ, ಯಾರಿಗೂ ಹೇಳಬ್ಯಾಡವ್ವಾ ಅಂದುಬಿಡ್ತಿದ್ದೆ. ನೀನೂ ಹೂಂ ಅಂತಿದ್ದಿ."

ನಾನು ಹೂಂ ಎನ್ನುತ್ತಿದ್ದೆ. ಅದರಲ್ಲಿ ಸಂಶಯವಿಲ್ಲ.

ವಿಷಯ ಹೇಗೆ ಹೊರಗೆ ಬಂತೋ ಗೊತ್ತಿಲ್ಲ, ವಾರದೊಳಗೆ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿತು. ಅದೇ ಹುದ್ದೆಗೆ ಅರ್ಜಿ ಹಾಕಿದ್ದವರು ಹಂಚಿದರೆಂದು ಕೆಲವರು ಹೇಳಿದರು. ನನ್ನ ಬಳಿ ಆಧಾರವಿಲ್ಲ, ಹಾಗಾಗಿ ಅದನ್ನು ಮುಂದುವರಿಸುವುದಿಲ್ಲ. "ಎಲ್ಲಿಂದ ಮೇಡಂ" ಎನ್ನುತ್ತಿದ್ದ ಹುಡುಗರು ಈಗ "ಅಲ್ಲಿಂದ ಮೇಡಂ" ಎಂದು ನಗತೊಡಗಿದರು. ಮರುದಿನ ತರಗತಿಯಲ್ಲಿ ಬೋರ್ಡಿನ ಮೇಲೆ ಯಾರೋ ಅದನ್ನೇ ಬರೆದಿದ್ದರು. ಮೇಡಂ ಒಳಗೆ ಬಂದರು, ಓದಿದರು. ಒರೆಸಲಿಲ್ಲ. ಅದರ ಕೆಳಗೆ ಬೋರ್ಡನ್ನು ಎರಡು ಭಾಗ ಮಾಡಿ, ಎಡಕ್ಕೆ ದೇಶನೂರಿನವರ ಪ್ಯಾರಾ, ಬಲಕ್ಕೆ ತಮ್ಮ ಪ್ಯಾರಾ ಬರೆದರು.

"ಬಲಗಡೆದು ನಾ ಬರದಿದ್ದು. ತಪ್ಪು ಎಲ್ಲೆಲ್ಲಿ ಐತಿ, ಒಬ್ಬೊಬ್ಬರ ಬಂದು ಗೀಟು ಹಾಕ್ರಿ."

ಯಾರೂ ಏಳಲಿಲ್ಲ. "ಎದ್ದೇಳ್ರಿ. ನಿಮ್ದು ನಾ ತಿದ್ದೀನಿ. ನಂದು ನೀವು ತಿದ್ರಿ," ಎಂದು ಚಾಕ್‌ಪೀಸು ಮುಂದೆ ಹಿಡಿದರು. ಮೊದಲು ಎದ್ದದ್ದು ಜಲದ ಹುಡುಗ. ಅವನು ಹೋಗಿ "ನಮ್ಮೂರಿನವರು" ಎಂಬ ಪದದ ಕೆಳಗೆ ಗೀಟೆಳೆದು, "ಇಲ್ಲೇ ಗೊತ್ತಾಗಬೇಕಿತ್ತು ರೀ ಮೇಡಂ," ಎಂದ. ಆಮೇಲೆ ಒಬ್ಬೊಬ್ಬರೇ ಎದ್ದರು. ಒಬ್ಬಳು ಉದ್ಧರಣ ಚಿಹ್ನೆ ಹಾಕಿದಳು. ಇನ್ನೊಬ್ಬ ಹೆಸರು, ವರ್ಷ, ಪುಟ ಬರೆದ. ಮತ್ತೊಬ್ಬಳು ಇಡೀ ಪ್ಯಾರಾವನ್ನು ತನ್ನ ಮಾತಿನಲ್ಲಿ ಹೇಳಿ, ಆ ಒಂದು ವಾಕ್ಯವನ್ನು ಮಾತ್ರ ಇದ್ದ ಹಾಗೆ ಚಿಹ್ನೆಯೊಳಗಿಟ್ಟಳು. ಮೇಡಂ ಅದನ್ನು ನೋಡಿ, "ಹಿಂಗ ಬರೀಬೇಕಿತ್ತು ನಾನು," ಎಂದರು. ಬೆಲ್ಲು ಹೊಡೆದದ್ದು ನಮಗೆ ಕೇಳಿಸಲಿಲ್ಲ.

ವಿಶ್ವವಿದ್ಯಾಲಯ ಪ್ರಬಂಧವನ್ನು ಮರುಪರಿಶೀಲನೆಗೆ ಹಾಕಿತು. ಪರಿಶೀಲನೆ ನಡೆದಿರುವಾಗ ಆ ಪದವಿಯನ್ನು ಅರ್ಹತೆಯೆಂದು ತೋರಿಸುವುದಿಲ್ಲ ಎಂದು ಮೇಡಂ ಸಂದರ್ಶನಕ್ಕೇ ಹೋಗಲಿಲ್ಲ. ಹೋಗಿದ್ದರೆ ಕೆಲಸ ಸಿಗುತ್ತಿತ್ತೋ ಇಲ್ಲವೋ, ಯಾರು ಬಲ್ಲರು. ಎರಡು ವರ್ಷದ ಮೇಲೆ ಉತ್ತರ ಬಂತು. ಉಳಿದ ಪ್ರಬಂಧ ಸರಿಯಾಗಿದೆ, ಆ ಪುಟಗಳನ್ನು ತಿದ್ದಿ ಸಲ್ಲಿಸಿದರೆ ಪದವಿಗೆ ಬಾಧೆಯಿಲ್ಲ ಎಂದು. ಅಷ್ಟರಲ್ಲಿ ವಯಸ್ಸಿನ ಮಿತಿ ದಾಟಿತ್ತು. ತಿದ್ದಿದ ಪುಟಗಳನ್ನು ಮೇಡಂ ಸಿರುಗುಪ್ಪಕ್ಕೆ ತಾವೇ ಒಯ್ದು ಕೊಟ್ಟು ಬಂದರು.

ಎಂ.ಎ. ಮುಗಿದ ಮೇಲೆ ನಾನೂ ಕುರುಗೋಡಿನಲ್ಲಿ ಅತಿಥಿಯಾದೆ. ಹತ್ತು ವರ್ಷಕ್ಕೂ ಮೇಲೆ ಇಬ್ಬರೂ ಒಂದೇ ಸ್ಟಾಫ್ ರೂಮು. ಅವರ ಓಡಾಟ ಕಡಿಮೆಯಾಗಲಿಲ್ಲ. ಈಚೆಗೆ ಒಬ್ಬ ಹುಡುಗ ಫೋನಿನ ಎಐಗೆ ಹೇಳಿ ಬರೆಸಿದ ಅಸೈನ್‌ಮೆಂಟಿನ ಆಕರಸೂಚಿಯಲ್ಲಿ ಒಂದು ಪುಸ್ತಕವಿತ್ತು. ಹೆಸರು ಕೇಳಿದರೆ ಓದಬೇಕು ಎನಿಸುವಂಥದ್ದು. ಮೇಡಂ ಅದನ್ನು ಬಳ್ಳಾರಿಯ ಗ್ರಂಥಾಲಯಗಳಲ್ಲೆಲ್ಲ ಹುಡುಕಿದರು, ಪ್ರಕಾಶಕರಿಗೆ ಫೋನು ಮಾಡಿದರು, ಕೊನೆಗೆ ಹುಡುಗನನ್ನು ಕರೆದರು. "ಲೇ, ಆ ಪುಸ್ತಕ ಇಲ್ಲ. ಬರದಾಂವ ಇನ್ನಾ ಹುಟ್ಟಿಲ್ಲ. ಎಕ್ಕಡ್ನುಂಚಿ ವಚ್ಚಿಂದಿರಾ ಇದಿ?" ಎಲ್ಲಿಂದ ಬಂತು ಎಂಬ ಅವರ ಹಳೆಯ ಪ್ರಶ್ನೆ ತೆಲುಗಿನಲ್ಲಿ ಬಂದದ್ದಕ್ಕೆ ಹುಡುಗ ನಕ್ಕುಬಿಟ್ಟ. ಅವರಿಗೆ ನಗು ಬರಲಿಲ್ಲ. ಆ ದಿನವೆಲ್ಲ, "ನಾವು ಕದ್ರೂ ಒಬ್ಬ ಮನಶ್ಯಾಂದು ಕದೀತಿದ್ವಿ. ಹೋಗಿ ಹೇಳಾಕ ಒಂದು ಅಂಗಡಿ ಇತ್ತು. ಇವರು ಯಾರ ಹಂತ್ಯಾಕ ಹೋಗಿ ಹೇಳ್ಬೇಕು?" ಎಂದು ವರಾಂಡದಲ್ಲಿ ತಿರುಗುತ್ತಿದ್ದರು.

ನಾನು ಅವರಿಗೆ ಹೇಳದಿದ್ದರೆ ಏನಾಗುತ್ತಿತ್ತು? ಕಾಯಂ ಕೆಲಸ, ಪಿಂಚಣಿ, ಒಂದು ಶಾಲು, ಒಂದು ಹಾರ. ಈ ಲೆಕ್ಕ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಹೇಳಿದ್ದು ತಪ್ಪೆಂದು ನನಗೆ ಅನಿಸುವುದಿಲ್ಲ, ಸರಿಯೆಂದು ನಿದ್ದೆಯೂ ಬರುವುದಿಲ್ಲ.

ಇದನ್ನು ಬರೆಯಬೇಕೆಂದಾಗ ಅವರಿಗೆ ಫೋನು ಮಾಡಿದೆ. ಹಿಂದೆ ಬಸ್ಸಿನ ಹಾರ್ನು ಕೇಳುತ್ತಿತ್ತು. ಯಾರದೋ ಪ್ರಬಂಧದ ಕರಡು ತಿದ್ದಿಕೊಡಲು ಹೊಸಪೇಟೆಗೆ ಹೊರಟಿದ್ದರು.

"ಬರಿ. ಆ ವಾಕ್ಯ ಹಾಕ್ತೀಯೇನು?"

"ಹಾಕ್ಬೇಕು ರೀ."

"ಮತ್ತ ನನ್ನ ಯಾಕ ಕೇಳ್ತಿ? ಅದು ಯಾರ್ದೋ ಅವರನ್ನ ಕೇಳು."

ಸಿರುಗುಪ್ಪಕ್ಕೆ ಹೋದೆ. ಅಂಗಡಿ ದೊಡ್ಡದಾಗಿತ್ತು, ಅವರ ಕೂದಲು ಬೆಳ್ಳಗಾಗಿತ್ತು. ನಾನು ಬಂದ ಕಾರಣ ಹೇಳಿದಾಗ ಸ್ವಲ್ಪ ಯೋಚಿಸಿದರು. "ವಾಕ್ಯ ಹಾಕ್ರಿ ತಂಗಿ. ಹೆಸರು ಬ್ಯಾಡ. ಇಲ್ಲಿ ನಾ ಗೊಬ್ಬರದಾಂವ, ಹಂಗ ಇರ್ಲಿ. ದೇಶನೂರಿನ ಒಬ್ಬಾಂವ ಬರದಾನ ಅಂತ ಹಾಕ್ರಿ, ಸಾಕು. ಅಷ್ಟು ಮಾತ್ರ ಬಿಡಬ್ಯಾಡ್ರಿ."

ಬಿಟ್ಟಿಲ್ಲ. ಆ ವಾಕ್ಯ ದೇಶನೂರಿನವರೊಬ್ಬರು ಬರೆದದ್ದು.

ಮೇಡಂಗೆ ಮತ್ತೆ ಫೋನು ಮಾಡಿ ಅವರ ಮಾತನ್ನು ಇದ್ದ ಹಾಗೆ ತಿಳಿಸಿದೆ.

"ಹಂಗಾದ್ರ ನನ್ನ ಹೆಸರೂ ತಗಿ," ಎಂದರು. "ಅವನ ವಾಕ್ಯದ ಮುಂದ ಅವನ ಹೆಸರಿಲ್ಲದ ಮ್ಯಾಲ, ನನ್ನ ಹೆಸರು ಇನ್ನೊಮ್ಮೆ ಬರಬಾರದು."